ಒನ್ ಸೈಡ್ ಪ್ರೀತಿ ಬಗ್ಗೆ ಬರೆದಿದ್ದೆಲ್ಲ ಯಾಕೆ ದೂರಿನ ಥರ ಕೇಳುತ್ತೆ?

ಹಳೇ_ನೋಟ್‌ಬುಕ್ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಏಳೆಂಟು ತಿಂಗಳಿಂದ ಒಂದೇ ವಿಷಯದ ಮೇಲೆ ಬರೀತಾ ಇದೀನಿ, ನಲವತ್ತು ಪದ್ಯ ಆಗಿರ್ಬೇಕು, ಒಂದೂ ಮನಸಿಗೆ ಹಿಡಿಸ್ತಿಲ್ಲ. ಮುಚ್ಚಿಡೋಕೆ ಏನಿಲ್ಲ, ಒಬ್ಬಳನ್ನ ನಾಲ್ಕು ವರ್ಷ ಮನಸಲ್ಲೇ ಇಟ್ಕೊಂಡಿದ್ದೆ, ಕೊನೆಗೊಂದು ದಿನ ಧೈರ್ಯ ಮಾಡಿ ಹೇಳಿದೆ, ಅವಳು ಇಲ್ಲ ಅಂದ್ಲು. ಬೈಲಿಲ್ಲ, ನಗಲಿಲ್ಲ. "ಅಯ್ಯೋ, ನಾನು ಆ ಥರ ಯಾವತ್ತೂ ಅಂದ್ಕೊಂಡೇ ಇಲ್ಲ ಕಣೋ" ಅಂದ್ಲು, ಸ್ವಲ್ಪ ಹೊತ್ತು ಇಬ್ರೂ ಸುಮ್ನೆ ನಿಂತಿದ್ವಿ, ಹೊರಡೋವಾಗ ಯಾವಾಗ್ಲೂ ಹೇಳೋ ಹಾಗೇ "ತಲುಪಿದ್ಮೇಲೆ ಮೆಸೇಜ್ ಹಾಕು" ಅಂದ್ಲು. ನಾನು ಮನೆಗೆ ಬಂದು "ತಲುಪಿದೆ" ಅಂತ ಹಾಕಿದೆ. ಅಷ್ಟೇ ಆಗಿದ್ದು.

ಈಗ ನಾನು ಬರ್ದಿರೋದು ನೋಡಿ, ಇದು ಇದ್ದಿದ್ರಲ್ಲಿ ವಾಸಿ ಅನ್ಸೋದು:

ಕಲ್ಲಾದ ನಿನ್ನೆದೆಗೆ ನನ್ನೊಲವು ತಾಕಲಿಲ್ಲ
ಸುರಿದ ಕಣ್ಣೀರಿಗೆ ನೀನು ಬೆಲೆ ಕಟ್ಟಲಿಲ್ಲ
ನಂಬಿ ಕೊಟ್ಟ ಹೃದಯವ ಒಡೆದು ಹೋದೆಯಲ್ಲ
ನನ್ನಂತೆ ಪ್ರೀತಿಸುವವರು ನಿನಗೆ ಸಿಗುವುದಿಲ್ಲ

ಪ್ರಾಸ ಎಲ್ಲ ಕೂತಿದೆ, ಆದ್ರೆ ಓದಿದ್ರೆ ಸುಳ್ಳು ಅನ್ಸುತ್ತೆ. ಅವಳು ಕಲ್ಲೆದೆಯವಳಲ್ಲ. ಹೃದಯ ಕೊಡು ಅಂತ ಅವಳು ಕೇಳಿರ್ಲಿಲ್ಲ, ಒಡೆಯೋಕೆ ಅವಳ ಕೈಲಿ ಏನೂ ಇರ್ಲೇ ಇಲ್ಲ. ನೋವು ನಿಜ, ಪದ್ಯ ಮಾತ್ರ ಯಾರೋ ಯಾರ ಮೇಲೋ ಕೊಟ್ಟ ಕಂಪ್ಲೇಂಟ್ ಥರ ಇದೆ. ಮೈಸೂರ ಮಲ್ಲಿಗೆ ಓದಿ ಬೆಳೆದೋನು ನಾನು, ಆದ್ರೆ ಅಲ್ಲಿ ಒಲವು ಮನೆಯೊಳಗೇ ಇದೆ, ಮುನಿಸಿದ್ರೂ ಅದು ಒಲಿದವರ ಮುನಿಸು. ಅಕ್ಕನ ವಚನಗಳನ್ನ ಹಿಡ್ಕೊಂಡೆ, ವಿರಹ ಅಂದ್ರೆ ಅದೇ ಅಲ್ವಾ ಅಂತ, ಅದೂ ನನ್ನ ಸ್ಥಿತಿಗೆ ಹೊಂದ್ಲಿಲ್ಲ. ಒಲವು ತಿರುಗಿ ಸಿಗದೇ ಇದ್ದಾಗ ಬರೆದ ಒಳ್ಳೆ ಭಾವಗೀತೆಗಳು ಏನು ಮಾಡ್ತವೆ? ನನ್ನದರಲ್ಲಿ ಏನು ಕೆಡ್ತಿದೆ? ಓದಿದವರು ಹೇಳಿ, ಸಮಾಧಾನ ಬೇಡ, ಪದ್ಯದ ಬಗ್ಗೇನೇ ಹೇಳಿ.

ಸಂಜೆ_ಓದು ಬರೆದದ್ದು:

ಅಕ್ಕನ ವಚನ ಯಾಕೆ ಹೊಂದ್ಲಿಲ್ಲ ಅನ್ನೋದ್ರಲ್ಲೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ. ವಿರಹ ಬೇರೆ, ಒಮ್ಮುಖ ಪ್ರೀತಿ ಬೇರೆ. ನಾವು ಮಾತಾಡೋವಾಗ ಎರಡನ್ನೂ ಕಲಸಿಬಿಡ್ತೀವಿ. "ಅಳಿಸಂಕುಳವೇ, ಮಾಮರವೇ, ಬೆಳುದಿಂಗಳೇ, ಕೋಗಿಲೆಯೇ" ಅಂತ ಸಿಕ್ಕಿದವರನ್ನೆಲ್ಲ ಕೇಳ್ತಾಳಲ್ಲ ಅಕ್ಕ, ಅಲ್ಲಿ ಅವನು ಎಲ್ಲಿದಾನೆ ಅನ್ನೋದು ಮಾತ್ರ ಗೊತ್ತಿಲ್ಲ, ಅವನು ತನ್ನವನು ಅನ್ನೋದ್ರಲ್ಲಿ ಒಂದು ಕ್ಷಣಾನೂ ಸಂಶಯ ಇಲ್ಲ. "ಎನ್ನೊಡೆಯ" ಅಂತಾನೇ ಕರೀತಾಳೆ. ನಿಮಗೆ ಆ "ಎನ್ನ" ಇಲ್ಲ. ಅದಿಲ್ಲದೆ ವಿರಹದ ಭಾಷೆ ತಗೊಂಡ್ರೆ ಬಾಡಿಗೆ ಬಟ್ಟೆ ಹಾಕ್ಕೊಂಡ ಹಾಗೆ ಆಗುತ್ತೆ.

ನಮ್ಮ ಹಳೇ ಅಲಂಕಾರಶಾಸ್ತ್ರದವರು ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ವಿಪ್ರಲಂಭ ಶೃಂಗಾರ, ಅಂದ್ರೆ ಅಗಲಿಕೆಯ ಪ್ರೇಮರಸ, ಅನ್ನಿಸ್ಕೊಳ್ಬೇಕಾದ್ರೆ ಪ್ರೀತಿ ಎರಡೂ ಕಡೆ ಇರ್ಬೇಕು. ಒಂದೇ ಕಡೆ ಇದ್ರೆ ಅದು ರಸ ಅಲ್ಲ, ರಸಾಭಾಸ, ಅಂದ್ರೆ ರಸದ ಹಾಗೆ ಕಾಣೋದು ಅಷ್ಟೇ. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಇದು ಸ್ಪಷ್ಟವಾಗಿದೆ, ಅಭಿನವಗುಪ್ತ ಕೊಡೋ ಉದಾಹರಣೆ ಸೀತೆ ಮೇಲೆ ರಾವಣನಿಗಿರೋ ಪ್ರೀತಿ. ಮೊದಲ ಸಲ ಓದಿದಾಗ ನನಗೆ ಬೇಜಾರಾಗಿತ್ತು, ಒಮ್ಮುಖವಾಗಿ ಪ್ರೀತಿಸಿದವರೆಲ್ಲ ರಾವಣರಾ ಅಂತ. ಈಗ ಅನ್ಸೋದು, ಅವರು ಹೇಳ್ತಿರೋದು ಮನುಷ್ಯನ ಬಗ್ಗೆ ಅಲ್ಲ, ಓದುಗನಿಗೆ ಆಗೋ ಅನುಭವದ ಬಗ್ಗೆ. ಮಾತಾಡೋನು ಶೃಂಗಾರ ಅಂತ ಮೈಮರೆತಿದ್ರೂ ಎದುರಿಗಿರೋಳು ಒಲ್ಲೆ ಅಂತಿರೋದು ಓದುಗನಿಗೆ ಕಾಣ್ತಿರುತ್ತೆ. ನಿಮ್ಮ ನಾಲ್ಕು ಸಾಲಲ್ಲಿ ಕಾಣೋದೂ ಅದೇ. ಕವಿ ಕೂಗ್ತಿದಾನೆ, ನಾನು ಅವಳ ಕಡೆ ನೋಡ್ತಿದೀನಿ.

ತಮಿಳಿನ ಹಳೇ ಲಕ್ಷಣಗ್ರಂಥ ತೊಲ್ಕಾಪ್ಪಿಯಂ ಇದಕ್ಕೆ ಒಂದು ಹೆಸರನ್ನೇ ಇಟ್ಟಿದೆ, ಕೈಕ್ಕಿಳೈ. ಪ್ರೀತಿಯನ್ನ ಅವರು ಏಳು ತಿಣೈ, ಅಂದ್ರೆ ಏಳು ಬಗೆ ಮಾಡ್ತಾರೆ, ಮೊದಲನೇದು ಕೈಕ್ಕಿಳೈ ಅಂದ್ರೆ ಒಮ್ಮುಖ, ಕೊನೇದು ಪೆರುಂದಿಣೈ ಅಂದ್ರೆ ಹೊಂದದ ಪ್ರೀತಿ, ನಡುವಿನ ಐದು ನಿಜವಾದ ಅಕಂ, ಅಂದ್ರೆ ಪ್ರೇಮದ ಕಾವ್ಯ. ನನ್ನನ್ನ ಹಿಡಿದಿಟ್ಟಿದ್ದು ಇದು: ನಡುವಿನವಕ್ಕೆಲ್ಲ ಒಂದೊಂದು ನೆಲದ ಚಿತ್ರ ಇದೆ, ಬೆಟ್ಟ, ಕಾಡು, ಗದ್ದೆ, ಕಡಲು, ಬೇಸಗೇಲಿ ಒಣಗಿದ ಬೆಂಗಾಡು. ಕೈಕ್ಕಿಳೈಗೆ ನೆಲ ಇಲ್ಲ. ಒಮ್ಮುಖ ಪ್ರೀತಿಗೆ ನಿಲ್ಲೋಕೆ ಜಾಗಾನೇ ಕೊಟ್ಟಿಲ್ಲ. ಅದರ ಲಕ್ಷಣ ಹೇಳೋ ಸೂತ್ರದಲ್ಲಿ ಒಂದು ಮಾತು ಬರುತ್ತೆ, ಎದುರು ಮಾತು ಸಿಗದೆ ತಾನೇ ಹೇಳಿ ಸುಖಪಡೋದು ಅಂತ. ಇದನ್ನ ನಾಲ್ಕು ಸಲ ಓದಿ. ನೋವುಪಡೋದು ಅಂತ ಹೇಳಿಲ್ಲ, ಸುಖಪಡೋದು ಅಂತಿದೆ.

ದೂರು ಇದ್ರೇನೇ ಪದ್ಯ ಕೆಡುತ್ತೆ ಅಂತೇನೂ ಇಲ್ಲ, ಅದನ್ನೂ ಹೇಳ್ಬೇಕು. ಭರ್ತೃಹರಿ ಹೆಸರಲ್ಲಿರೋ "ಯಾಂ ಚಿಂತಯಾಮಿ ಸತತಂ" ಶ್ಲೋಕ ಪೂರ್ತಿ ಬೈಗುಳಾನೇ. ನಾನು ಯಾರನ್ನ ನೆನೀತೀನೋ ಅವಳಿಗೆ ನಾನು ಬೇಡ, ಅವಳಿಗೆ ಬೇಕಾದೋನು ಇನ್ನೊಬ್ಬಳ ಹಿಂದೆ, ನನಗೋಸ್ಕರ ಬಾಡ್ತಿರೋಳು ಮತ್ತೊಬ್ಬಳು, ಆಮೇಲೆ ಧಿಕ್ಕಾರ ಶುರು, ಅವಳಿಗೆ, ಅವನಿಗೆ, ಮದನನಿಗೆ, ಇವಳಿಗೆ. ಕೊನೇ ಎರಡು ಅಕ್ಷರ "ಮಾಂ ಚ", ನನಗೂ. ಬೈತಾ ಬೈತಾ ತನ್ನ ಹತ್ರಾನೇ ಬಂದು ನಿಲ್ತಾನೆ, ಅದಕ್ಕೇ ಅದು ಉಳ್ಕೊಂಡಿದೆ. ಜರ್ಮನ್ ಕವಿ ಹೈನೆದು ಹನ್ನೆರಡು ಸಾಲಿನ ಪದ್ಯ ಒಂದಿದೆ, ಹೆಚ್ಚೂಕಮ್ಮಿ ಇದೇ ಸರಪಳಿ, ಹುಡುಗ ಹುಡುಗಿ ಇನ್ನೊಬ್ಬ ಇನ್ನೊಬ್ಬಳು, ಅವನು ಯಾರನ್ನೂ ಬೈಯಲ್ಲ, ಇದು ಹಳೇ ಕಥೆ ಆದ್ರೂ ಯಾವಾಗ್ಲೂ ಹೊಸದು, ಯಾರಿಗೆ ಆಗುತ್ತೋ ಅವರ ಎದೆ ಎರಡಾಗುತ್ತೆ ಅಂತ ಮುಗಿಸ್ತಾನೆ. ಶೂಮನ್ ಅದಕ್ಕೆ 1840ರಲ್ಲಿ ಸಂಗೀತ ಕಟ್ಟಿದ. ಎರಡು ಪದ್ಯದಲ್ಲೂ ಕವಿ ಆ ಸರಪಳಿಯ ಒಂದು ಕೊಂಡಿ ಅಷ್ಟೇ. ನಿಮ್ಮ ಪದ್ಯದಲ್ಲಿ ಕೊಂಡಿ ಇಲ್ಲ, ಕಟಕಟೆ ಇದೆ.

ತುಂತುರು ಬರೆದದ್ದು:

ಶಾಸ್ತ್ರ ನನಗೆ ಅಷ್ಟು ಗೊತ್ತಿಲ್ಲ, ಓದಿದ್ದನ್ನ ಹೇಳ್ತೀನಿ. ಸಾಫೋ ಓದಿದೀರಾ? ಸುಮಾರು 2600 ವರ್ಷದ ಹಿಂದೆ ಲೆಸ್ಬೋಸ್ ದ್ವೀಪದಲ್ಲಿದ್ದ ಗ್ರೀಕ್ ಕವಯಿತ್ರಿ. ಅವಳ ಹೆಚ್ಚಿನ ಪದ್ಯಗಳು ಚೂರು ಚೂರಾಗಿ ಸಿಕ್ಕಿವೆ, ಅದರಲ್ಲಿ 31ನೇ ತುಣುಕು ಅಂತ ಕರೆಯೋದೊಂದು ನಿಮಗೆ ಬೇಕಾದ್ದು.

ಅದು ಶುರುವಾಗೋದೇ ಮೂರನೆಯವನಿಂದ. ನಿನ್ನ ಎದುರು ಕೂತು, ಹತ್ತಿರದಿಂದ ನಿನ್ನ ಮಾತು, ನಿನ್ನ ನಗು ಕೇಳ್ತಿರೋ ಆ ಗಂಡಸು ನನಗೆ ದೇವರಿಗೆ ಸಮ ಅನ್ನಿಸ್ತಾನೆ ಅಂತ. ಹೊಟ್ಟೆಕಿಚ್ಚು ಅಂತ ಹೇಳ್ಬಹುದಿತ್ತು, ಹೇಳಲ್ಲ. ಅವನನ್ನ ಒಂದು ಸಲ ನೋಡಿ ಅಲ್ಲೇ ಬಿಟ್ಟುಬಿಡ್ತಾಳೆ, ಆಮೇಲೆ ಪದ್ಯ ಪೂರ್ತಿ ಅವಳ ಮೈಯೊಳಗೇ ನಡೆಯುತ್ತೆ. ನಾಲಿಗೆ ಮುರಿದುಹೋಯ್ತು, ಚರ್ಮದ ಕೆಳಗೆ ಸಣ್ಣ ಬೆಂಕಿ ಓಡ್ತು, ಕಣ್ಣಿಗೆ ಏನೂ ಕಾಣ್ತಿಲ್ಲ, ಕಿವಿ ಗುಂಯ್ ಅಂತಿದೆ, ಬೆವರು, ನಡುಕ, ಹುಲ್ಲಿಗಿಂತ ಹಸಿರಾಗಿದೀನಿ, ಇನ್ನೇನು ಸತ್ತೇ ಹೋಗ್ತೀನೇನೋ ಅನ್ಸುತ್ತೆ. ಎಷ್ಟು ಸ್ಪಷ್ಟ ನೋಡಿ, ಡಾಕ್ಟರ್ ಹತ್ರ ಹೇಳೋ ಹಾಗೆ. ಅದರಲ್ಲಿ ಒಂದು ಕಡೆನೂ "ನೀನು ಹೀಗೆ ಮಾಡಿದೆ" ಅನ್ನೋದಿಲ್ಲ. "ನೀನು" ನಕ್ಕಿದ್ದು, ಮಾತಾಡಿದ್ದು ಅಷ್ಟೇ, ಅದೂ ಬೇರೆಯವರ ಜೊತೆ. ಲಾಂಗೈನಸ್ ಅನ್ನೋ ವಿಮರ್ಶಕನ ಗ್ರಂಥದಲ್ಲಿ ಉದಾಹರಣೆ ಅಂತ ಬಂದಿದ್ದಕ್ಕೆ ಇಷ್ಟಾದ್ರೂ ಉಳೀತು. ಕೊನೇಲಿ ಎಲ್ಲವನ್ನೂ ತಾಳ್ಕೋಬಹುದು, ಯಾಕಂದ್ರೆ ಬಡವ ಕೂಡ, ಅಂತ ಬಂದು ಅಲ್ಲಿಗೇ ಹರಿದುಹೋಗಿದೆ. ಆ ಹರಿದ ಜಾಗ ಓದಿದಾಗಲೆಲ್ಲ ನನಗೆ ಎದೆ ಝಲ್ ಅನ್ನುತ್ತೆ.

ಇದೇ ಪದ್ಯವನ್ನ ಕತುಲ್ಲುಸ್ ಅನ್ನೋ ರೋಮನ್ ಕವಿ ಲ್ಯಾಟಿನ್‌ಗೆ ತಂದ, ತನ್ನ ಪ್ರೇಯಸಿ ಲೆಸ್ಬಿಯಾಳ ಹೆಸರು ಹಾಕಿ. ಅವನದ್ದೇ ಇನ್ನೊಂದು ಎರಡೇ ಎರಡು ಸಾಲಿಂದು, ದ್ವೇಷಿಸ್ತೀನಿ, ಪ್ರೀತಿಸ್ತೀನಿ, ಯಾಕೆ ಅಂತ ಕೇಳಬಹುದು ನೀನು, ಗೊತ್ತಿಲ್ಲ, ಆಗ್ತಿರೋದು ಗೊತ್ತಾಗ್ತಿದೆ, ಸಂಕಟ ಆಗ್ತಿದೆ. ಇಷ್ಟೇ. ಒಂದು ಉಪಮೆ ಇಲ್ಲ, ಕಲ್ಲೆದೆ ಇಲ್ಲ, ಕಣ್ಣೀರಿಲ್ಲ.

ಗಾಲಿಬ್‌ನ ಒಂದು ಶೇರ್ ಕೂಡ ಹೇಳ್ಬಿಡ್ತೀನಿ, ನಿಮ್ಮ ಮೂರನೇ ಸಾಲಿನ "ನಂಬಿ ಕೊಟ್ಟ" ನೋಡಿ ನೆನಪಾಯ್ತು. ನಿನ್ನ ಮಾತು ನಂಬ್ಕೊಂಡು ಬದುಕಿದ್ದೆ ಅಂದ್ರೆ ಅದು ಸುಳ್ಳು ಅಂತ ತಿಳ್ಕೋ, ನಂಬಿಕೆ ಇದ್ದಿದ್ರೆ ಖುಷಿಗೇ ಸತ್ತುಹೋಗ್ತಿರ್ಲಿಲ್ವಾ, ಅಂತ ಅದರ ಭಾವ. ನೋಡಿ, ಮೋಸ ಹೋದೆ ಅಂತ ಹೇಳ್ತಿಲ್ಲ, ನಾನು ಮೊದಲೇ ನಂಬಿರ್ಲಿಲ್ಲ ಅಂತಿದಾನೆ. ನಿರಾಸೆ ಅನ್ನೋದು ಅವಳು ಕೊಟ್ಟಿದ್ದಲ್ಲ, ಇವನೊಳಗೇ ಮೊದಲಿಂದ ಇತ್ತು. ಗಜಲ್‌ನಲ್ಲಿ ಒಲಿಯದ ಪ್ರಿಯೆ, ನಡುವೆ ಬರೋ ರಕೀಬ್ ಅಂದ್ರೆ ಪ್ರತಿಸ್ಪರ್ಧಿ, ಇದೆಲ್ಲ ಕಟ್ಟಿಟ್ಟ ಸಂಪ್ರದಾಯ, ಯಾರು ಬರೆದ್ರೂ ಪಾತ್ರಗಳು ಅವೇ, ಹೊಸದು ಇರೋದು ಕವಿ ತನ್ನ ಬಗ್ಗೆ ಏನು ಕಂಡ್ಕೊಂಡ ಅನ್ನೋದ್ರಲ್ಲಿ.

ಹಳೇ_ನೋಟ್‌ಬುಕ್ ಬರೆದದ್ದು:

ಇಬ್ರಿಗೂ ತುಂಬಾ ಥ್ಯಾಂಕ್ಸ್. "ಕಟಕಟೆ" ಅನ್ನೋ ಮಾತು ಸರಿಯಾಗಿ ತಾಗ್ತು. ನೆನ್ನೆ ರಾತ್ರಿ ನಲವತ್ತನ್ನೂ ತೆಗೆದು ನೋಡಿದೆ, ಮೂವತ್ತೊಂದರಲ್ಲಿ "ನೀನು" ಅನ್ನೋ ಪದ ಇದೆ, ಆದ್ರೆ ಅವಳು ಮಾಡೋ ಒಂದು ಕೆಲಸಾನೂ ಇಲ್ಲ, ಅವಳು ಆಡಿದ ಒಂದು ಮಾತೂ ಇಲ್ಲ. ನಾಲ್ಕು ವರ್ಷ ಜೊತೆಗಿದ್ದ ಫ್ರೆಂಡ್ ಅವಳು. ನಾನು ಅವಳನ್ನ ಬರ್ದೇ ಇಲ್ಲ.

ನೀಲಿಶಾಯಿ ಬರೆದದ್ದು:

ನಾನು ಇಂಥ ಪದ್ಯ ಬರೆದೋಳಲ್ಲ, ಬರೆಸಿಕೊಂಡೋಳು, ಅದಕ್ಕೇ ಇದನ್ನ ಹೇಳ್ಬೇಕು ಅನ್ನಿಸ್ತು. ಕಾಲೇಜಲ್ಲಿ ಒಬ್ಬರು ನನ್ನ ಮೇಲೆ ಬರೆದು ಒಂದು ಪುಟ್ಟ ಪುಸ್ತಕದಷ್ಟು ಕೊಟ್ಟಿದ್ರು. ಒಳ್ಳೆ ಮನುಷ್ಯ, ಇವತ್ತಿಗೂ ಗೌರವ ಇದೆ. ಒಂದೇ ರಾತ್ರಿ ಕೂತು ಪೂರ್ತಿ ಓದಿದೆ, ನನ್ನನ್ನ ಹುಡುಕ್ತಾ ಓದಿದೆ. ನನ್ನ ಕಣ್ಣು ಇತ್ತು, ನನ್ನ ಜಡೆ ಇತ್ತು, ನನ್ನ ಮೌನ ಅಂತೂ ಪುಟಪುಟಕ್ಕೂ ಇತ್ತು. ನಾನು ತುಂಬಾ ಮಾತಾಡೋ ಹುಡುಗಿ. ಅವರ ಜೊತೆ ಎಷ್ಟೋ ವಿಷಯಕ್ಕೆ ಜಗಳ ಆಡಿದ್ದೆ, ಅದ್ಯಾವುದೂ ಅಲ್ಲಿರ್ಲಿಲ್ಲ. ನಾನು ಇಲ್ಲ ಅಂದಿದ್ದು ಕೂಡ ಒಂದು ಮಾತು, ಯೋಚನೆ ಮಾಡಿ, ಹೆದರ್ಕೊಂಡು ಹೇಳಿದ್ದು, ಅದೂ ಆ ಪದ್ಯಗಳಲ್ಲಿ ಮೌನ ಆಗಿಹೋಗಿತ್ತು.

ಇಟಲಿಯ ಕವಿ ಪೆತ್ರಾರ್ಕನನ್ನ ನೋಡಿ. 1327ರ ಏಪ್ರಿಲ್ 6ಕ್ಕೆ ಅವಿನ್ಯೋನ್‌ನ ಚರ್ಚ್ ಒಂದರಲ್ಲಿ ಲಾರಾಳನ್ನ ಕಂಡೆ ಅಂತ ತಾನೇ ಬರ್ದಿಟ್ಟಿದಾನೆ, 1348ರಲ್ಲಿ ಅದೇ ಏಪ್ರಿಲ್ 6ಕ್ಕೆ ಅವಳು ತೀರ್ಕೊಂಡಳು ಅಂತಾನೂ. ಒಟ್ಟು 366 ಕವಿತೆ. ಯುರೋಪಿನ ಪ್ರೇಮಕವಿತೆಗೆ ಎಷ್ಟೋ ಕಾಲ ಇದೇ ಅಚ್ಚು. ಬದುಕಿರೋವಾಗ ಅಲ್ಲಿ ಲಾರಾ ಬಾಯಿ ಬಿಡೋದು ತೀರಾ ಅಪರೂಪ, ಸತ್ತ ಮೇಲೆ ಕನಸಲ್ಲಿ ಬಂದು ಸಮಾಧಾನ ಹೇಳ್ತಾಳೆ. ಅಷ್ಟು ಚೆಂದದ ಸಾನೆಟ್‌ಗಳ ಮಧ್ಯೆ ನನಗೆ ಮರೆಯೋಕೆ ಆಗದೇ ಇರೋದು ಇದು, ಅವಳಿಗೆ ಮಾತು ಬರೋಕೆ ಅವಳು ಸಾಯ್ಬೇಕಾಯ್ತು.

ಒಬ್ಬಳು ಮಾತ್ರ ಉತ್ತರ ಕೊಟ್ಟಿದಾಳೆ. ಐರ್ಲೆಂಡಿನ ಕವಿ ಯೇಟ್ಸ್ 1891ರಲ್ಲಿ ಮೊದಲ ಸಲ ಮಾಡ್ ಗಾನ್‌ಳನ್ನ ಮದುವೆಗೆ ಕೇಳಿದ್ದು, ಅವಳು ಒಪ್ಪಲಿಲ್ಲ, ಆಮೇಲೂ ಎಷ್ಟೋ ಸಲ ಕೇಳಿದ, ಅವಳು 1903ರಲ್ಲಿ ಬೇರೆಯವರನ್ನ ಮದುವೆ ಆದಳು. ಅವಳು ತನ್ನ ಆತ್ಮಕಥೆಯಲ್ಲಿ ಆ ಮಾತುಕತೆ ಬರ್ದಿದಾಳೆ. ನೀನಿಲ್ಲದೆ ನನಗೆ ಸುಖ ಇಲ್ಲ ಅಂತ ಅವನು ಅಂದಾಗ ಅವಳು ಹೇಳಿದ್ದು, ಇಲ್ಲ, ನೀನು ದುಃಖ ಅಂತ ಕರೆಯೋದ್ರಿಂದಾನೇ ಚೆಂದದ ಕವಿತೆ ಮಾಡ್ತೀಯ, ಅದರಲ್ಲೇ ನೀನು ಸುಖವಾಗಿದೀಯ, ನಿನ್ನನ್ನ ಮದುವೆ ಆಗದೇ ಇದ್ದಿದ್ದಕ್ಕೆ ಜಗತ್ತು ನನಗೆ ಥ್ಯಾಂಕ್ಸ್ ಹೇಳ್ಬೇಕು ಅಂತ. ಸಂಜೆ_ಓದು ಅವರೇ, ನಿಮ್ಮ ತೊಲ್ಕಾಪ್ಪಿಯಂ ಮಾತು ಓದಿದ ತಕ್ಷಣ ನನಗೆ ಇವಳು ನೆನಪಾದಳು. ಎದುರು ಮಾತು ಸಿಗದೆ ತಾನೇ ಹೇಳಿ ಸುಖಪಡೋದು. ಆ ಸೂತ್ರ ಬರೆದವರಿಗೆ ಕಂಡಿದ್ದು, ಎಷ್ಟೋ ಶತಮಾನ ಆದ್ಮೇಲೆ ಇನ್ನೊಂದು ದೇಶದಲ್ಲಿ ಪ್ರೀತಿಸಿಕೊಂಡ ಹೆಂಗಸಿಗೂ ಕಂಡಿದೆ.

ಪ್ರಶ್ನೆ ಕೇಳಿದವರಿಗೆ ಒಂದು ಪದ್ಯ ಹೇಳ್ತೀನಿ, ಪುಷ್ಕಿನ್‌ದು, 1829, ಎಂಟೇ ಸಾಲು. "ನಿಮ್ಮನ್ನ ಪ್ರೀತಿಸಿದ್ದೆ" ಅಂತ ಮೂರು ಸಲ ಬರುತ್ತೆ. ನಮ್ಮ ಹಾಗೇ ರಷ್ಯನ್‌ನಲ್ಲೂ ನೀನು, ನೀವು ಬೇರೆ ಬೇರೆ, ಅವನು ಬಳಸೋದು "ನೀವು". ಇಂಗ್ಲಿಷ್ ಅನುವಾದದಲ್ಲಿ ಅದು ಕಾಣೋದೇ ಇಲ್ಲ, ಕನ್ನಡದಲ್ಲಿ ಹೇಳ್ಕೊಂಡ್ರೆ ತಕ್ಷಣ ಗೊತ್ತಾಗುತ್ತೆ, ಆ ಒಂದು ಪದದಲ್ಲೇ ಅವನು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದಾನೆ. ಆ ಪ್ರೀತಿ ಇನ್ನೂ ಪೂರ್ತಿ ಆರಿಲ್ಲವೇನೋ, ಆದ್ರೆ ಅದು ನಿಮ್ಮನ್ನ ಕಾಡೋದು ಬೇಡ ಅಂತಾನೆ. ಕೊನೆಗೆ, ಇಷ್ಟೇ ಪ್ರಾಮಾಣಿಕವಾಗಿ, ಇಷ್ಟೇ ಮೆಲ್ಲಗೆ ಇನ್ನೊಬ್ಬರು ನಿಮ್ಮನ್ನ ಪ್ರೀತಿಸೋ ಹಾಗೆ ದೇವರು ಮಾಡ್ಲಿ ಅಂತ ಮುಗಿಸ್ತಾನೆ. ಈಗ ನಿಮ್ಮ ನಾಲ್ಕನೇ ಸಾಲು ಓದಿ, "ನನ್ನಂತೆ ಪ್ರೀತಿಸುವವರು ನಿನಗೆ ಸಿಗುವುದಿಲ್ಲ". ವಿಷಯ ಎರಡರಲ್ಲೂ ಒಂದೇ. ನೀವು ಶಾಪ ಹಾಕಿದೀರಿ, ಅವನು ಹರಸಿದಾನೆ. ಪುಷ್ಕಿನ್ ಸಾಲಲ್ಲೂ ಸ್ವಲ್ಪ ಗರ್ವ ಇದೆ, ನನ್ನಷ್ಟು ಯಾರು ಪ್ರೀತಿಸ್ತಾರೆ ನೋಡೋಣ ಅನ್ನೋ ಹಾಗೆ, ಅದೂ ಕೇಳುತ್ತೆ, ಆದ್ರೆ ಅವಳ ಮುಂದೆ ಒಂದು ಬದುಕಿದೆ ಅನ್ನೋದನ್ನ ಅವನು ಒಪ್ಕೊಂಡಿದಾನೆ.

ವ್ಯಾಕರಣ_ಪ್ರಿಯ ಬರೆದದ್ದು:

ಎಲ್ರೂ ಪದ್ಯದ ಬಗ್ಗೆ ಹೇಳಿದ್ರಿ, ನನಗೆ ಕಣ್ಣು ನಿಂತಿದ್ದು ಪದ್ಯದ ಮೇಲಿರೋ ಗದ್ಯದಲ್ಲಿ. "ತಲುಪಿದೆ" ಅಂತ ಮೆಸೇಜ್ ಹಾಕಿದೆ ಅಂತ ಬರ್ದಿದೀರಲ್ಲ, ಆ ಪದ ಒಂದು ಸಲ ಬಿಡಿಸಿ ನೋಡಿ. ನಾನು ತಲುಪಿದೆ. ನೀನು ತಲುಪಿದೆ. ಅದು ತಲುಪಿದೆ. ಕನ್ನಡದಲ್ಲಿ ಮೂರಕ್ಕೂ ಬರವಣಿಗೆ ಒಂದೇ. ಭೂತಕಾಲದಲ್ಲಿ ನಾನು, ನೀನು ಎರಡಕ್ಕೂ ಒಂದೇ ರೂಪ, ಬಂದೆ, ಹೋದೆ, ಕಂಡೆ ಎಲ್ಲ ಹಾಗೇ, ಇದರ ಜೊತೆಗೆ "ತಲುಪಿ ಇದೆ" ಕೂಡಿದ್ರೂ ತಲುಪಿದೆ ಅಂತಾನೇ ಆಗುತ್ತೆ. ಮಾತಲ್ಲಾದ್ರೆ "ತಲುಪ್ದೆ" ಅಂತಿದ್ರಿ, ಗೊಂದಲಾನೇ ಇರ್ತಿರ್ಲಿಲ್ಲ. ಟೈಪ್ ಮಾಡಿದ್ದಕ್ಕೆ ಮೂರೂ ಅರ್ಥ ಬಂದು ಕೂತಿವೆ. ಅವಳು ಓದಿದ್ದು ಯಾವುದನ್ನ? ನೀವು ಮನೆ ತಲುಪಿದ್ದನ್ನ. ನೀವು ಹೇಳಿದ್ದ ಮಾತು ಅವಳಿಗೆ ತಲುಪಿದೆ ಅನ್ನೋದೂ ಅಲ್ಲೇ ಇದೆ, ಅವಳ ಉತ್ತರ ನಿಮಗೆ ತಲುಪಿದೆ ಅನ್ನೋದೂ ಇದೆ. ಕ್ರಿಯಾಪದದಲ್ಲೇ ಕರ್ತೃ ಅಡಗಿರೋದು ನಮ್ಮ ಭಾಷೆಯ ಗುಣ, "ನಾನು" "ನೀನು" ಬಿಟ್ಟು ಬರೀಬಹುದು, ನಿಮ್ಮ ನಲವತ್ತು ಪದ್ಯದಲ್ಲಿ ತುಂಬ್ಕೊಂಡಿರೋ "ನೀನು" ಅಷ್ಟೂ ತೆಗೆದ್ರೂ ಅವಳು ಎಲ್ಲೂ ಹೋಗಲ್ಲ. ಆ ಒಂದು ಪದ ಇಟ್ಕೊಂಡು ಬರೀರಿ. ಪ್ರಾಸ ಸದ್ಯಕ್ಕೆ ಬಿಡಿ, "ಇಲ್ಲ, ಇಲ್ಲ" ಅಂತ ನಾಲ್ಕು ಸಾಲಿಗೂ ಪ್ರಾಸ ಹುಡುಕೋಕೆ ಹೋಗಿದ್ದಕ್ಕೇ ಅರ್ಧ ದೂರು ತಾನಾಗೇ ಹುಟ್ಟಿದೆ ಅನ್ನೋದು ನನ್ನ ಗುಮಾನಿ.

ಹಳೇ_ನೋಟ್‌ಬುಕ್ ಬರೆದದ್ದು:

ಮೂರು ದಿನ ಬೇಕಾಯ್ತು. ಆ ಪದದ ಬಗ್ಗೆ ಓದಿದ ದಿನ ಫೋನ್ ತೆಗೆದು ಹಳೇ ಚಾಟ್ ನೋಡಿದೆ, ಇಷ್ಟು ತಿಂಗಳು ನೋಡೋ ಧೈರ್ಯ ಆಗಿರ್ಲಿಲ್ಲ. ನಾನು "ತಲುಪಿದೆ" ಅಂತ ಹಾಕಿದ್ದು ರಾತ್ರಿ 11:52ಕ್ಕೆ, ಅವಳು "ಸರಿ, ಮಲ್ಕೋ" ಅಂತ ಹಾಕಿದ್ದೂ 11:52ಕ್ಕೇ. ಅವಳು ಅಷ್ಟು ಹೊತ್ತೂ ಎದ್ದಿದ್ದಳು ಅನ್ನೋದು ನನಗೆ ಗೊತ್ತೇ ಆಗಿರ್ಲಿಲ್ಲ, ಆವತ್ತು ನನ್ನ ನೋವು ಬಿಟ್ಟು ಬೇರೆ ಏನೂ ಕಾಣ್ತಿರ್ಲಿಲ್ಲ. ಬರೆದಿದ್ದು ಇದು:

ತಲುಪಿದ ಮೇಲೆ ಹೇಳು ಅಂದಿದ್ದೆ.
ಹೊರಗೆ ಮಳೆ. ಮೆಟ್ಟಿಲ ಬಳಿ
ಚಪ್ಪಲಿ ಬಿಡುವ ಮೊದಲೇ ಬರೆದೆ:
ತಲುಪಿದೆ.
ಸರಿ, ಮಲಗು ಎಂಬ ಮಾತು
ಆ ಗಳಿಗೆಗೇ ಬಂತು.
ಅಷ್ಟು ಹೊತ್ತೂ ಎದ್ದೇ ಇದ್ದೆ.
ಒಲವಲ್ಲದಿದ್ದರೂ ಇದು ಸಣ್ಣದಲ್ಲ.

ನೀಲಿಶಾಯಿ ಬರೆದದ್ದು:

ಓದಿ ಸುಮ್ನೆ ಕೂತಿದ್ದೆ ಸ್ವಲ್ಪ ಹೊತ್ತು. ಅವಳು ಇದಾಳೆ ಇಲ್ಲಿ, ಅವಳ ಮಾತೂ ಇದೆ. "ಎದ್ದೇ ಇದ್ದೆ" ಅನ್ನೋದ್ರಲ್ಲೂ ವ್ಯಾಕರಣದವರು ಹೇಳಿದ ಹಾಗೆ ನಾನೋ ನೀನೋ ಗೊತ್ತಾಗಲ್ಲ, ಇಬ್ರೂ ಎದ್ದಿದ್ರು ಅನ್ನೋದು ಅದೊಂದೇ ಪದದಲ್ಲಿ ಬಂದಿದೆ. ಕೊನೇ ಸಾಲು ತೆಗೀರಿ. ಅವಳು ಮಾಡಿದ್ದು ದೊಡ್ಡದೋ ಸಣ್ಣದೋ ಅಂತ ಅಳೀತಾ ಇದೀರಿ ಅಲ್ಲಿ, ಮತ್ತೆ ಕಟಕಟೆ ಬಂತು.

ಹಳೇ_ನೋಟ್‌ಬುಕ್ ಬರೆದದ್ದು:

ಹೌದು, ತೆಗೆದೆ. "ಎದ್ದೇ ಇದ್ದೆ"ಗೇ ನಿಲ್ಲುತ್ತೆ ಈಗ. ಇನ್ನೊಂದನ್ನೂ ತೆಗೆದೆ, ಆವತ್ತು ಮಳೆ ಬಂದಿರ್ಲಿಲ್ಲ.